ಎರಡು ಹಿಡಿ ಹಳೆಯ ಹತ್ತಿ

ಬುಧವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಸೀನಮ್ಮಾ,

ಈ ಹೆಸರು ಕಂಡ ಕೂಡಲೇ ಕಾಗದ ಹರಿದು ಹಾಕುತ್ತೀಯೋ ಏನೋ. ಬೇರೆ ಹೆಸರು ಬರೆಯಲು ಕೈ ಬರಲಿಲ್ಲ. ಹುಟ್ಟಿದ ಹತ್ತನೇ ದಿನಕ್ಕೆ ಒಂದರ ಹಿಂದೊಂದು ಏಳು ಸೀನು ಸೀನಿದ ಮಗುವಿಗೆ ನಿಮ್ಮಪ್ಪ ಇಟ್ಟ ಹೆಸರು ಅದು. ಅಷ್ಟು ಸುಲಭವಾಗಿ ಬಿಡಲು ಆಗುವುದಿಲ್ಲ.

ಹನ್ನೆರಡು ವರ್ಷದ ಮೇಲೆ ನಿನ್ನ ಕಾಗದ ಬಂತು. ಅರ್ಧ ಪುಟ. ಹೇಗಿದ್ದೀರಿ ಎಂದಿಲ್ಲ, ಹೇಗಿದ್ದೇನೆ ಎಂದೂ ಇಲ್ಲ. ಮೆಮೊರಿ ಫೋಮ್ ದಿಂಬು ಅಲರ್ಜಿ ಇರುವವರಿಗೆ ಆಗುತ್ತದೆಯೇ, ಮಾರುವವರ ಮಾತಿನ ಮೇಲೆ ನಂಬಿಕೆ ಬರುತ್ತಿಲ್ಲ, ನಿಮಗೆ ಗೊತ್ತಿರಬಹುದು ಎಂದು ಕೇಳಿದ್ದೀಯ. ನನ್ನನ್ನು ‘ನೀವು’ ಎಂದಿದ್ದೀಯ. ದಿಂಬು ಹೊಲಿಸಲು ಬರುವ ಗಿರಾಕಿಗಳೇ ಸಲಿಗೆಯಿಂದ ‘ನೀನು’ ಎನ್ನುತ್ತಾರೆ, ಹೆತ್ತ ಮಗಳು ಮರ್ಯಾದೆ ಕೊಡುತ್ತಾಳೆ. ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ.

ಇರಲಿ, ಕೇಳಿದ್ದಕ್ಕೆ ಮೊದಲು ಉತ್ತರ. ಆಗುತ್ತದೆ, ಆದರೆ ಅವರು ಹೇಳುವಷ್ಟಲ್ಲ.

ನಾನು ಹತ್ತಿಯವಳು, ಫೋಮ್ ಕಂಡರೆ ನನಗೆ ಹೊಟ್ಟೆಯುರಿ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಅತ್ತ ಹೋದಾಗ ನಾನೂ ಆ ಅಂಗಡಿಗೆ ಹೋಗಿ ಮಾರುವವನ ತಲೆ ತಿಂದು, ಒಂದು ದಿಂಬು ತಂದು ಕತ್ತರಿಯಿಂದ ಕತ್ತರಿಸಿ ನೋಡಿದೆ. ಶತ್ರುವಿನ ಹೊಟ್ಟೆಯಲ್ಲಿ ಏನಿದೆ ಎಂದು ಗೊತ್ತಾಗಬೇಕಲ್ಲ. ಒಳಗೆ ಒಂದೇ ತುಂಡು, ಒತ್ತೊತ್ತಾಗಿದೆ. ಹತ್ತಿಯಲ್ಲಿರುವಷ್ಟು ಸಂದುಗೊಂದು ಇಲ್ಲ, ಹಾಗಾಗಿ ಕಣ್ಣಿಗೆ ಕಾಣದ ಆ ಧೂಳುಹುಳುಗಳಿಗೆ ಅಲ್ಲಿ ಸಂಸಾರ ಹೂಡುವುದು ಕಷ್ಟ. ಅಷ್ಟು ನಿಜ. ಆದರೆ ಆ ಹುಳು ತಿನ್ನುವುದು ಹತ್ತಿಯನ್ನಲ್ಲ, ನಮ್ಮ ಮೈಯಿಂದ ಉದುರುವ ಹೊಟ್ಟನ್ನು. ಅದು ಯಾವ ದಿಂಬಿನ ಮೇಲೂ ಬೀಳುತ್ತದೆ. ಒತ್ತಾಗಿ ನೇಯ್ದ, ಜಿಪ್ ಇರುವ ಗವಸು ಹಾಕು. ಅದರ ಮೇಲೆ ಹಾಕುವ ಗವಸನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆ. ಫೋಮನ್ನು ಮಾತ್ರ ನೆನೆಸಬೇಡ. ಒಳಗೆ ಸರಿಯಾಗಿ ಒಣಗದೆ ಬೂಷ್ಟು ಹಿಡಿಯುತ್ತದೆ, ಅದು ಧೂಳಿಗಿಂತ ಕೆಟ್ಟದ್ದು. ಹೊಸದರಲ್ಲಿ ಒಂದು ವಾಸನೆ ಇರುತ್ತದೆ, ಕೆಲವರಿಗೆ ಅದಕ್ಕೇ ಉಸಿರು ಕಟ್ಟುತ್ತದೆ. ಕಿಟಕಿ ತೆರೆದ ಕೋಣೆಯಲ್ಲಿ ನಾಲ್ಕೈದು ದಿನ ಬಿಟ್ಟು ನೋಡು. ವಾಸನೆ ಹೋಗದಿದ್ದರೆ ಮುಲಾಜಿಲ್ಲದೆ ವಾಪಸು ಕೊಡು. ಡಾಕ್ಟರನ್ನೂ ಒಂದು ಮಾತು ಕೇಳು.

ನೆನಪಿನ ಹೆಸರು ಇದಕ್ಕೆ ಯಾಕಪ್ಪಾ ಎಂದು ಮಾರುವವನನ್ನು ಕೇಳಿದ್ದೆ. ತಲೆಯ ಅಚ್ಚು ಉಳಿಸಿಕೊಳ್ಳುತ್ತದೆ ಎಂದ. ಅಂಗೈ ಒತ್ತಿ ತೆಗೆದೆ. ಹತ್ತು ಎಣಿಸುವಷ್ಟರಲ್ಲಿ ಗುರುತು ಮಾಯ. ಇಷ್ಟೇನಾ ಎಂದೆ, ಅವನು ನಕ್ಕ. ನನಗೆ ನಗು ಬರಲಿಲ್ಲ.

ನಿನ್ನೆ ಕಾಗದವನ್ನು ಇಲ್ಲಿಗೇ ಮುಗಿಸಿ ಮಡಚಿಟ್ಟಿದ್ದೆ. ಇವತ್ತು ಮತ್ತೆ ಬಿಚ್ಚಿದ್ದೇನೆ. ದಿಂಬಿನ ವಿಷಯದಲ್ಲಿ ನೀನು ನನ್ನನ್ನು ನಂಬಿ ಕೇಳಿದ್ದೀಯ. ಹಾಗೆ ನಂಬಿದ್ದರಿಂದಲೇ ಒಮ್ಮೆ ನಿನ್ನ ಉಸಿರು ನಿಲ್ಲುವುದರಲ್ಲಿತ್ತು.

ನಿನಗೆ ಒಂಬತ್ತು ವರ್ಷ, ನಿಮ್ಮಪ್ಪ ತೀರಿಹೋಗಿ ಆರು ತಿಂಗಳು. ಇವಳ ಉಬ್ಬಸಕ್ಕೆ ಧೂಳು ಕಾರಣ, ಮನೆಯ ಹಳೆಯ ದಿಂಬುಗಳನ್ನೆಲ್ಲ ಹೊರಗೆ ಹಾಕಿ, ಮಗುವಿಗೆ ಹೊಸದು ಮಾಡಿಕೊಡಿ, ಹತ್ತಿ ಹಿಂಜುವ ಕೋಣೆಯತ್ತ ಅವಳು ಸುಳಿಯಬಾರದು ಎಂದರು ಡಾಕ್ಟರು. ಹೇಳಿದಂತೆಯೇ ಮಾಡಿದೆ. ನಿಮ್ಮಪ್ಪನ ದಿಂಬೊಂದು ಉಳಿಯಿತು. ಮೂರು ಸಲ ಬಾಗಿಲವರೆಗೆ ತೆಗೆದುಕೊಂಡು ಹೋಗಿ ಮೂರು ಸಲವೂ ವಾಪಸು ತಂದೆ. ಕೊನೆಗೆ ಹೊಲಿಗೆ ಬಿಚ್ಚಿದೆ.

ಹಳೆಯ ಹತ್ತಿಯನ್ನು ಬಿಸಿಲಿಗೆ ಹರಡಿ, ಮತ್ತೆ ಹಿಂಜಿ, ಆಮೇಲೆ ತುಂಬಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ, ಎಷ್ಟೋ ಜನಕ್ಕೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದೆ, ಸೀನಮ್ಮಾ. ಅವರ ತಲೆಯೆಣ್ಣೆಯ ವಾಸನೆ, ಬೆವರಿನ ವಾಸನೆ. ಅದು ಹೋದರೆ ಮನೆಯಲ್ಲಿ ಅವರದೆಂದು ಏನು ಉಳಿಯಿತು? ಎರಡು ಹಿಡಿ ಹತ್ತಿಯನ್ನು ಹಾಗೇ ತೆಗೆದು ನಿನ್ನ ಹೊಸ ದಿಂಬಿನ ನಡುವೆ ಇಟ್ಟು ಹೊಲಿದುಬಿಟ್ಟೆ. ಮಗಳು ಅಪ್ಪನಿಗೆ ತಲೆ ಒರಗಿಸಿ ಮಲಗಿದ ಹಾಗಿರಲಿ ಎಂದು. ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ, ಊಟವಾದ ಮೇಲೆ ನೀನು ಮಲಗಿದೆ. ದಿಂಬಿಗೆ ಮೂಗು ಒತ್ತಿ, ಅಮ್ಮಾ, ಇದ್ರಲ್ಲಿ ಅಪ್ಪನ ವಾಸನೆ ಬರ್ತಿದೆ ಎಂದೆ. ಎಷ್ಟು ಖುಷಿಯಿತ್ತು ನಿನ್ನ ಮುಖದಲ್ಲಿ. ಹೊಸ ದಿಂಬು ಕಣೇ ಅದು, ಸುಮ್ನೆ ಮಲ್ಕೋ ಎಂದು ನಾನು ಗದರಿದೆ. ಗಂಟೆ ಕಳೆಯುವುದರೊಳಗೆ ನಿನ್ನ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಏನಾಯಿತು ಎಂದು ಕೇಳಿದರು. ಹಿಂಜೋ ಕೋಣೆಗೆ ಹೋಗಿರ್ಬೇಕು, ಹೇಳಿದ ಮಾತು ಕೇಳಲ್ಲ ಎಂದುಬಿಟ್ಟೆ. ಬಾಯಿಗೆ ಮೊದಲು ಬಂದದ್ದು ಅದು. ನೀನು ಮುಖದ ಮೇಲಿನ ಆಕ್ಸಿಜನ್ ಮಾಸ್ಕು ಸರಿಸಿ, ನಾನು ಹೋಗಿಲ್ಲ, ದಿಂಬಲ್ಲಿ ಅಪ್ಪ ಇದ್ರು ಎಂದೆ. ನಿನ್ನ ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಎಲ್ಲಿ ಗೊತ್ತಾಗುತ್ತದೋ ಎಂಬ ಹೆದರಿಕೆಗೆ, ಉಸಿರಿಗೆ ಒದ್ದಾಡುತ್ತಿದ್ದ ಮಗುವಿನ ಕೆನ್ನೆಗೆ ಹೊಡೆದೆ. ಸುಳ್ಳಿ ಎಂದೆ. ಆ ಮಾತು ನಿನಗೆ ಅಂಟಿಕೊಂಡಿತು. ಹತ್ತಿಯ ಮನೆ ಬೇಡವೆಂದು ಚಿಕ್ಕಮ್ಮ ಕರೆದುಕೊಂಡು ಹೋದಳು. ಅವಳ ಮನೆಯಲ್ಲೂ ನೀನು ಸುಳ್ಳಿಯಾಗಿಯೇ ಬೆಳೆದೆ, ಒಂದು ಲೋಟ ಒಡೆದರೂ ಮೊದಲು ನಿನ್ನ ಮುಖ ನೋಡುತ್ತಿದ್ದರಂತೆ.

ಹನ್ನೆರಡು ವರ್ಷದ ಹಿಂದೆ, ನಿನ್ನ ಮದುವೆಗೆ ಮುಂಚೆ, ನೀನು ಬಂದು ಬಾಗಿಲಲ್ಲೇ ನಿಂತು ಒಂದೇ ಮಾತು ಕೇಳಿದೆ. ಆ ದಿಂಬಲ್ಲಿ ಏನಿತ್ತಮ್ಮಾ ಎಂದೆ. ನಾನು ನಿಜ ಹೇಳಿದ್ದರೆ ನೀನು ಅಳುತ್ತಿದ್ದೆ, ಜಗಳವಾಡುತ್ತಿದ್ದೆ, ಒಳಗೆ ಬರುತ್ತಿದ್ದೆ. ಏನೂ ಇರಲಿಲ್ಲ ಎಂದೆ ನಾನು. ನೀನು ಚಪ್ಪಲಿಯನ್ನೂ ಬಿಚ್ಚದೆ ಹಾಗೇ ತಿರುಗಿ ಹೋದೆ.

ಅದರಲ್ಲಿ ನಿಮ್ಮಪ್ಪನ ಹತ್ತಿ ಇತ್ತು. ನೀನು ಕೋಣೆಗೆ ಹೋಗಿರಲಿಲ್ಲ. ನೀನು ಹೇಳಿದ ಒಂದೊಂದು ಮಾತೂ ನಿಜ, ಸುಳ್ಳಿ ನಾನು. ಇದನ್ನೆಲ್ಲ ಬರೆದು ನಿನ್ನ ಚಿಕ್ಕಮ್ಮನಿಗೆ ಬೆಳಿಗ್ಗೆಯೇ ಕಾಗದ ಹಾಕಿ ಬಂದೆ. ಇಪ್ಪತ್ತೈದು ವರ್ಷ ತಡವಾಯಿತು. ಕ್ಷಮಿಸು ಎಂದು ಒಂದು ಕಡೆ ಬರೆದು ಹೊಡೆದುಹಾಕಿದೆ, ಕೇಳಲು ನನಗೆ ಮುಖವಿಲ್ಲ. ನೀನು ಇನ್ನು ಬರೆಯದೇ ಹೋದರೂ ಯಾಕೆಂದು ನನಗೆ ಗೊತ್ತಿರುತ್ತದೆ.

ಇಷ್ಟು ದಿನ ಬಾಯಿ ಬಿಡದ,
ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನಿನ್ನ ಕಾಗದದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಚಿಕ್ಕ ಅಳತೆಯದೂ ಸಿಗುತ್ತದೆಯೇ ಎಂದು ಕೇಳಿದ್ದೀಯ. ಸಿಗುತ್ತದೆ. ಎರಡು ವರ್ಷ ತುಂಬಿರದಿದ್ದರೆ ಯಾವ ದಿಂಬೂ ಬೇಡ, ಸಮನಾದ ಹಾಸಿಗೆ ಸಾಕು. ತುಂಬಿದ್ದರೆ ತೆಳ್ಳಗಿನದು ನೋಡು. ಮಗುವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಗಂಡೋ ಹೆಣ್ಣೋ ಕೇಳುವುದಿಲ್ಲ, ಹೆಸರೂ ಬೇಡ. ವಯಸ್ಸೆಷ್ಟು ಎಂದು ಮಾತ್ರ ಬರೆ. ದಿಂಬಿನ ಎತ್ತರ ಹೇಳಲು ಅದು ಬೇಕಾಗುತ್ತದೆ.