ಸಿಡಿಲಣ್ಣನ್ನ ವಾಪಸ್ ಕರೀಬೇಡಿ

ಇವತ್ತು ಎರಡು ಸಾವಿರದ ನೂರಾ ಎಂಬತ್ತೇಳನೇ ಇಸವಿ, ಕಾವು ತಿಂಗಳ ಕೊನೇ ವಾರ. ನಿಮ್ಮ ಕ್ಯಾಲೆಂಡರ್‌ನಲ್ಲಿ ಹುಡುಕ್ಬೇಡಿ, ಸಿಗಲ್ಲ. ಏಪ್ರಿಲ್‌ಗೂ ಮೇ ತಿಂಗಳಿಗೂ ಮಧ್ಯೆ ನಾವು ಇನ್ನೊಂದು ತಿಂಗಳು ಸೇರಿಸ್ಕೊಂಡಿದೀವಿ. ಆ ಬಿಸಿಲಲ್ಲಿ ರೈಲು, ಅಂಚೆ ಬಿಟ್ರೆ ಬೇರೆ ಯಾವ ಕೆಲಸಾನೂ ನಡೆಯಲ್ಲ, ಕೋರ್ಟಿಲ್ಲ, ಸ್ಕೂಲಿಲ್ಲ, ಮದುವೆ ಇಲ್ಲ. ಸುಮ್ನೆ ಕೂತ್ಕೊಳಕ್ಕೆ ಅಂತಾನೇ ಇರೋ ತಿಂಗಳು, ಅದಕ್ಕೆ ಕಾವು ಅಂತ ಹೆಸರು. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡ ನಾನು ಕಲ್ತಿದ್ದು ಹಳೇ ಕಾಮಿಕ್ಸ್ ಓದಿ. ಹಂಗಾಗಿ ಮಧ್ಯೆ ಎಲ್ಲಾದ್ರೂ ಯಾರಿಗೋ ಗುದ್ದಕ್ಕೆ ಹೊರಟೋನ ಥರ ಮಾತಾಡಿದ್ರೆ ಬೇಜಾರು ಮಾಡ್ಕೋಬೇಡಿ.

ನನ್ನ ಹೆಸರು ಪಂಚಾಕ್ಷರಿ, ವಯಸ್ಸು ಐವತ್ತು. ಅರಸೀಕೆರೆ ಜಂಕ್ಷನ್‌ನಲ್ಲಿ ಯಾವ ಗಾಡಿ ಎಲ್ಲಿಗೆ ಬರುತ್ತೆ ಅಂತ ಮೈಕಲ್ಲಿ ಕೂಗೋ ಕೆಲಸ. ನಡುವೆ ಸುಮಾರು ವರ್ಷ ಮಷೀನು ಕೂಗ್ತಿತ್ತಂತೆ, ಜನ ಕಿವಿಗೇ ಹಾಕ್ಕೊಳ್ತಿರ್ಲಿಲ್ಲ, ಗಾಡಿ ತಪ್ಪಿಸ್ಕೊಂಡು ಬಂದು ಮಷೀನ್ ಹತ್ರಾನೇ ಜಗಳ ಆಡೋರು. ಅದಕ್ಕೆ ಮತ್ತೆ ಮನುಷ್ಯರನ್ನೇ ಕೂರಿಸಿದ್ರು. ಈ ಮಾತು ನಾನು ಹಿಂದಂಚೆಗೆ ಕೊಡ್ತಾ ಇರೋದು. ಹಿಂದಂಚೆ ಅಂದ್ರೆ, ಮಾತಾಡಿ ಕೊಟ್ರೆ ಹಿಂದಿನ ಕಾಲಕ್ಕೆ ತಲುಪಿಸ್ತಾರೆ. ಹೆಂಗೆ ಅಂತ ಕೇಳ್ಬೇಡಿ, ಇಲ್ಲೇ ಸ್ಟೇಷನ್ನಿನ ಕೌಂಟರ್‌ನಲ್ಲಿ ಕೂತ ಹೆಣ್ಣುಮಗಳಿಗೂ ಗೊತ್ತಿಲ್ಲ. ಚಿನ್ನದ ರೇಟು, ಮ್ಯಾಚ್ ಸ್ಕೋರು, ಎಲೆಕ್ಷನ್ನು ಹೇಳಂಗಿಲ್ಲ, ಹೇಳಿದ್ರೆ ಆ ಜಾಗದಲ್ಲಿ ಬರೀ ಕೊರ್ ಅಂತ ಸದ್ದು ಹೋಗುತ್ತಂತೆ. ಕಾಮಿಕ್ಸ್ ವಿಷಯ ಹೇಳ್ಬಹುದಾ ಅಂದೆ. ಅದಕ್ಕೆ ಇನ್ನೂ ಯಾರೂ ರೂಲ್ಸ್ ಮಾಡಿಲ್ಲ, ಬೇಗ ಹೇಳ್ಬಿಡಿ ಸಾರ್ ಅಂದ್ಲು.

ನಾವು ಸೇರೋದು ತಂಪುಕಟ್ಟೇಲಿ. ನಿಮ್ಮ ಕಾಲದಲ್ಲಿ ಪ್ಲಾಟ್‌ಫಾರ್ಮ್ ದಾಟಕ್ಕೆ ಹಳಿ ಕೆಳಗೆ ಸಬ್‌ವೇ ಇರ್ತಿತ್ತಲ್ಲ, ಅದೇ. ಕಾವು ತಿಂಗಳಲ್ಲಿ ಬೆಳಗ್ಗೆ ತಿಂಡಿ ಮುಗೀತಿದ್ದಂಗೆ ಅರ್ಧ ಊರು ಇಲ್ಲಿಗೆ ಇಳಿಯುತ್ತೆ. ಎರಡೂ ಬಾಯಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿರ್ತೀವಿ, ಗಾಳಿ ಒಳಗೆ ಬರೋವಾಗ ಹಾಯ್ ಅನ್ಸುತ್ತೆ. ಒಂದು ಮೂಲೇಲಿ ಚೌಕಾಬಾರ, ಇನ್ನೊಂದು ಮೂಲೇಲಿ ಮಲಗಿರೋ ಮಕ್ಕಳು, ಮಧ್ಯ ಮಜ್ಜಿಗೆ ಕೊಡ. ಮೆಟ್ಟಿಲ ಪಕ್ಕದ ಜಾಗ ಸಿಡಿಲಣ್ಣನ ಜನದ್ದು. ನಮ್ಮನ್ನ ಊರಲ್ಲಿ ಹಂಗೇ ಕರೀತಾರೆ, ಏನೋ ಒಂದು ಜಾತಿ ಅನ್ನೋ ಹಂಗೆ. ಮಾತಾಡೋರು ಗಾರ್ಡಿನ ಹಸಿರು ಬಾವುಟ ಹಿಡ್ಕೊಂಡಿರ್ಬೇಕು. ಓದಿಲ್ಲದೋರ ಎದುರು ಮುಂದಿನ ಕಥೆ ಬಾಯಿಬಿಟ್ರೆ ಕೆಂಪು ಬಾವುಟ, ಬಾಯಿಬಿಟ್ಟೋರು ಎದ್ದು ಎಲ್ಲರಿಗೂ ಮಜ್ಜಿಗೆ ಕೊಡ್ಬೇಕು. ಆ ಕೊಡ ನನಗೇ ಜಾಸ್ತಿ ಪರಿಚಯ.

ಸಿಡಿಲಣ್ಣನ ಬಗ್ಗೆ ನಿಮಗೇ ಹೇಳೋದು ತಮಾಷೆ, ಅವನು ನಿಮ್ಮ ಕಾಲದೋನು. ಕರೆಂಟ್ ಕಂಬ ಹತ್ತೋ ಲೈನ್‌ಮನ್ನು, ಮೈಯಲ್ಲಿ ಸಿಡಿಲು ಇಟ್ಕೊಂಡು ಓಡಾಡೋನು. ಆದ್ರೆ ನಮಗೆ ಅವನು ಸಿಕ್ಕಿದ್ದು ಹೆಂಗೆ ಅನ್ನೋದು ನಿಮಗೆ ಗೊತ್ತಿಲ್ಲ. ಸ್ಟೇಷನ್ನಿನ ಪುಸ್ತಕದಂಗಡಿಯೋನು ಮಾರಾಟ ಆಗದೇ ಉಳಿದ ಪುಸ್ತಕದ ಕವರ್ ಪೇಜ್ ಮಾತ್ರ ಹರಿದು, ಮಾರಾಟ ಆಗ್ಲಿಲ್ಲ ಅನ್ನೋದಕ್ಕೆ ಸಾಕ್ಷಿ ಅಂತ ಕಂಪನಿಗೆ ಕಳಿಸಿ, ಉಳಿದಿದ್ದನ್ನ ತಿಂಗಳು ತಿಂಗಳೂ ಒಂದರ ಮೇಲೊಂದು ಪೇರಿಸಿ ಇಟ್ಟಿದ್ದ. ನಂಬರು, ತಾರೀಕು ಎಲ್ಲಾ ಇದ್ದಿದ್ದು ಕವರಲ್ಲಿ. ನಮ್ಮ ತಾತಂದಿರ ಕಾಲದಲ್ಲಿ ಯಾರೋ ಆ ಕಟ್ಟು ಬಿಚ್ಚಿದ್ರು. ಮೇಲಿದ್ದ ಪುಸ್ತಕ ಮೊದಲ್ನೇದು ಅಂತ ಇಟ್ಕೊಂಡು ಓದ್ತಾ ಕೆಳಗಿಳಿದ್ರು. ಹೊಸದು ಮೇಲಿರುತ್ತೆ, ಹಳೇದು ಅಡೀಲಿರುತ್ತೆ ಅಂತ ಒಬ್ರಿಗೂ ಹೊಳೀಲಿಲ್ಲ.

ಹಂಗಾಗಿ ನಾವು ಕೇಳಿ ಬೆಳೆದ ಕಥೆ ಹೀಗಿದೆ. ಸಿಡಿಲಣ್ಣ ಮೊದಲು ನಕ್ಷತ್ರಗಳಾಚೆ ದೊಡ್ಡ ದೊಡ್ಡ ಶತ್ರುಗಳನ್ನ ಹೊಡೀತಿದ್ದ. ಆಮೇಲೆ ಭೂಮಿಗೆ ಇಳಿದ, ಆಮೇಲೆ ಒಂದು ಊರಿಗೆ, ಆಮೇಲೆ ಒಂದು ಬೀದಿಗೆ. ಕೊನೇ ಪುಸ್ತಕದಲ್ಲಿ ಗೌರಮ್ಮ ಅನ್ನೋ ಮುದುಕಿ ಮನೆ ಮುಂದಿನ ಲೈಟು ಬರೀ ಕೈಯಲ್ಲಿ ಸರಿ ಮಾಡಿ, ಕಂಬದ ಮೇಲೆ ನಿಂತು ಆಕಾಶಕ್ಕೆ ಕೈ ಎತ್ತುತಾನೆ. ಮೋಡಕ್ಕೂ ಅವನ ಕೈಗೂ ಮಧ್ಯೆ ಒಂದು ಮಿಂಚು, ಪುಟದ ತುಂಬ. ಒಂದಕ್ಷರ ಇಲ್ಲ. ಆಮೇಲೆ ಬೀಳ್ತಾನೆ, ಕಣ್ಣು ಬಿಡ್ತಾನೆ, ನಗ್ತಾನೆ. ಮುಗೀತು. ಬೇಕಾದಷ್ಟು ದಿನ ಇಟ್ಕೊಂಡು, ಸಾಕು ಅನ್ಸಿದಾಗ ಸಿಡಿಲನ್ನ ವಾಪಸ್ ಕೊಟ್ಟ ಅಂತ ನಾವು ಓದ್ಕೊಂಡ್ವಿ. ನಮ್ಮೂರಲ್ಲಿ ಯಾರಾದ್ರೂ ರಿಟೈರ್ ಆದ್ರೆ ಇವತ್ತಿಗೂ ‘ಸಿಡಿಲು ವಾಪಸ್ ಕೊಟ್ರಂತೆ’ ಅಂತೀವಿ. ಹಾರ ಹಾಕಿ, ಒಂದು ಕೊಬ್ಬರಿ ಗಿಟುಕು ಕೈಗಿಟ್ಟು ಕಳಿಸ್ತೀವಿ.

ಅಲ್ಲಿಂದ ಮುಂದಿನ ಕಥೆ ಹನ್ನೊಂದು ವರ್ಷದಿಂದ ಬರೀತಿರೋಳು ದಾಕ್ಷಾಯಿಣಕ್ಕ. ಬರೆಯೋದೂ ಅವಳೇ, ಚಿತ್ರಾನೂ ಅವಳೇ. ಸಿಡಿಲಿಲ್ಲದ ಸಿಡಿಲಣ್ಣ. ಕಂಬ ಹತ್ತುತಾನೆ, ಮೊಣಕಾಲು ನೋವು ಅಂತಾನೆ, ಗೌರಮ್ಮನ ಮನೇಲಿ ಕಾಫಿ ಕುಡೀತಾನೆ. ಇದನ್ನ ಕಂಡ್ರೆ ಇಮ್ತಿಯಾಜ್ ಸಾಬ್ರಿಗೆ ಮೈ ಉರಿಯೋದು. ಸಾಬ್ರು ರಿಟೈರ್ಡ್ ಇಂಜಿನ್ ಡ್ರೈವರ್ರು, ಹಳೇದೇ ಅಸಲಿ ಅನ್ನೋ ಗುಂಪಿಗೆ ಅವರೇ ಯಜಮಾನ್ರು. ‘ಅಲ್ಲ ಕಣಮ್ಮ, ಹನ್ನೊಂದು ವರ್ಷ ಆಯ್ತು, ನಿನ್ನ ಗಂಡಸು ಇನ್ನೂ ಒಂದು ಗುದ್ದೂ ಗುದ್ದಿಲ್ಲ’ ಅನ್ನೋರು. ಅಕ್ಕ ತಲೆ ಎತ್ತದೇನೇ, ‘ನೀವು ಇಂಜಿನ್ ಬಿಟ್ಟ ಮೇಲೆ ಎಷ್ಟು ಗುದ್ದಿದ್ರಿ ಸಾಬ್ರೆ, ಅದನ್ನ ಹೇಳಿ, ಬರ್ಕೋತೀನಿ’ ಅನ್ನೋಳು. ಬೈಕೊಂಡೇ ಇಬ್ರೂ ಒಂದೇ ಡಬ್ಬೀಲಿ ಮಂಡಕ್ಕಿ ತಿನ್ನೋರು. ಈ ಕಾವು ತಿಂಗಳಲ್ಲಿ ಅಕ್ಕನ ಕೊನೇ ಸಂಚಿಕೆ ಬರ್ಬೇಕಾಗಿತ್ತು.

ಒಂದ್ನಿಮಿಷ, ಗಾಡಿ ಬಂತು, ಕೂಗ್ಬಿಟ್ಟು ಬರ್ತೀನಿ.

ಹಾಂ, ಮತ್ತೆ ನಾನೇ. ಏನಾಯ್ತು ಅಂದ್ರೆ, ಸಾಬ್ರು ಬೀರೂರಿಗೆ ಬೀಗರ ಮನೆಗೆ ಹೋಗಿದ್ರು. ಅಲ್ಲೊಂದು ಹಳೇ ಕಬ್ಬಿಣದ ಟ್ರಂಕು, ತಳಕ್ಕೆ ಕಾಗದ ಹಾಸಿತ್ತು. ಆ ಕಾಗದ ಸಿಡಿಲಣ್ಣನ ಕವರುಗಳು, ಅಷ್ಟೂ ಇದ್ದಾವೆ, ಬಣ್ಣ ಸಮೇತ, ನಂಬರ್ ಸಮೇತ. ಕಂಪನಿಯೋರು ರದ್ದಿಗೆ ಹಾಕಿದ್ದು ಹೆಂಗೋ ಅಲ್ಲಿಗೆ ಬಂದಿರ್ಬೇಕು. ಗೌರಮ್ಮನ ಲೈಟ್ ಇರೋ ಕವರಿನ ಮೇಲೆ ಒಂದು ಅಂತ ಬರ್ದಿದೆ. ನಕ್ಷತ್ರದ್ದು ಕಟ್ಟಕಡೇದು. ಸಿಡಿಲು ವಾಪಸ್ ಹೋಗಿದ್ದಲ್ಲ, ಬಂದಿದ್ದು.

ನಾನಾಗಿದ್ರೆ ಬೀರೂರಿಂದ ಕೂಗ್ಕೊಂಡೇ ಬರ್ತಿದ್ದೆ. ಜೀವನಪೂರ್ತಿ ಹಳೇದರ ಪರವಾಗಿ ವಾದ ಮಾಡಿದ ಮನುಷ್ಯ, ಅವರ ಹೀರೋ ಬೀದಿಯಿಂದ ಆಕಾಶಕ್ಕೆ ಬೆಳೆದೋನು ಅಂತ ಸಾಕ್ಷಿ ಸಿಕ್ಕಿದೆ. ಆದ್ರೆ ಸಾಬ್ರು ಬಂದೋರು ಮಜ್ಜಿಗೇನೂ ಕುಡೀಲಿಲ್ಲ. ಕವರುಗಳನ್ನ ಅಕ್ಕನ ಮುಂದೆ ಇಟ್ಟು, ‘ನಾನು ಇದನ್ನ ನೋಡ್ಬಾರ್ದಾಗಿತ್ತು. ನೋಡಿದ ಮೇಲೆ ಬಚ್ಚಿಡಕ್ಕೂ ಮನಸಾಗ್ಲಿಲ್ಲ’ ಅಂದ್ರು. ಅಕ್ಕ ಒಂದೊಂದಾಗಿ ತಿರುವಿ ನೋಡಿದ್ಲು. ‘ತಲೆಕೆಳಗೆ ಹಿಡ್ಕೊಂಡು ಓದಿದ ಕಥೆಗೆ ನಾನು ಹನ್ನೊಂದು ವರ್ಷ ಬಾಲ ಅಂಟಿಸಿದೀನಿ’ ಅಂದ್ಲು. ಮಾರನೇ ದಿನದಿಂದ ಅವಳು ತಂಪುಕಟ್ಟೆಗೆ ಬಂದ್ರೂ ಮಕ್ಕಳು ಮಲಗೋ ಮೂಲೇಲಿ ಕೂತ್ಕೊಳ್ತಿದ್ಲು. ಕೊನೇ ಸಂಚಿಕೆ ಅರ್ಧಕ್ಕೆ ನಿಂತೋಯ್ತು. ಮಸಿ ಬಾಟ್ಲನ್ನ ಯಾರಿಗೋ ಕೊಟ್ಟುಬಿಟ್ಟಳು ಅಂತ ಸುದ್ದಿ ಬಂತು.

ಈ ವರ್ಷ ಸಿಡಿಲಣ್ಣನ ಜನಕ್ಕೆಲ್ಲ ಯಜಮಾನಿಕೆ ನಂದು, ಹಂಗಾಗಿ ಏನಾದ್ರೂ ನಾನೇ ಮಾಡ್ಬೇಕಾಗಿತ್ತು. ನನಗೆ ತೋಚಿದ್ದು ಒಂದೇ, ನಂಬರ್ ಪ್ರಕಾರ ಮೊದಲಿಂದ ಜೋರಾಗಿ ಓದೋದು. ಕೆಲವರು ಬೇಡ ಅಂದ್ರು. ಅಪ್ಪ ಅಮ್ಮನ ಮದುವೆ ಆಲ್ಬಮ್ಮನ್ನ ಹಿಂದಿನಿಂದ ಮುಂದಕ್ಕೆ ನೋಡಿದಂಗಾಗುತ್ತೆ ಅಂದ ಒಬ್ಬ. ಆದ್ರೂ ಮೈಕಲ್ಲಿ ಕೂಗೋ ಗಂಟಲು ನಂದು, ಓದ್ದೆ. ಚೆನ್ನಾಗಿದೆ ಕಣ್ರಿ, ಸುಳ್ಳು ಯಾಕೆ ಹೇಳ್ಲಿ. ಮೊದಲ್ನೇ ಸಲ ಮಿಂಚು ಕೆಳಗೆ ಬಂದಾಗ ಚೌಕಾಬಾರ ಆಡ್ತಿದ್ದೋರು ಕವಡೆ ಬಿಟ್ಟು ಬಂದು ನಿಂತ್ರು. ಆದ್ರೆ ಕೊನೇ ಪುಸ್ತಕಕ್ಕೆ ಬರೋವಷ್ಟರಲ್ಲಿ ಎಲ್ಲರ ಮುಖ ಸಣ್ಣಗಾಯ್ತು. ಅವನು ಒಬ್ಬನೇ ಎಲ್ಲೋ ಕತ್ತಲಲ್ಲಿ, ಪುಟದ ಮಧ್ಯೆ ಸಾಸಿವೆ ಕಾಳಷ್ಟು ಬೆಳಕು. ಊಟ ಆಯ್ತಾ ಅಂತ ಕೇಳೋಕೂ ಒಂದು ಜೀವ ಇಲ್ಲ.

ಸಾಬ್ರಿಗೆ ಇದನ್ನ ತಡ್ಕೊಳಕ್ಕಾಗ್ಲಿಲ್ಲ. ಬಾವುಟಾನೂ ಕೇಳ್ದೆ ಎದ್ದು, ಮೂಲೇಲಿ ಕೂತಿದ್ದ ಅಕ್ಕನ ಮೇಲೆ ಹರಿಹಾಯ್ದ್ರು. ‘ಅಷ್ಟು ದೂರ ಹೋದೋನು ನಿನ್ನ ಪುಸ್ತಕದಲ್ಲಿ ಗೌರಮ್ಮನ ಮನೇಲಿ ಕಾಫಿ ಕುಡೀತಾ ಕೂತಿದಾನಲ್ಲ, ಯಾವ ಗಾಡಿ ಹತ್ಕೊಂಡು ಬಂದನಮ್ಮ? ಹೇಳು, ಹೆಂಗೆ ಬಂದ?’

ಬೈಯಕ್ಕೆ ಅಂತ ಕೇಳಿದ್ದು ಅದು. ಆದ್ರೆ ಅಕ್ಕ ತೊಡೆ ಮೇಲೆ ಮಲಗಿದ್ದ ಮಗೂನ ಪಕ್ಕಕ್ಕೆ ಮಲಗಿಸಿ, ಎದ್ದು ಬಂದು ನನ್ನ ಕೈಯಿಂದ ಹಸಿರು ಬಾವುಟ ತಗೊಂಡ್ಲು. ‘ಹೌದಲ್ಲ ಸಾಬ್ರೆ, ಹೆಂಗೆ ಬಂದ ಅನ್ನೋದನ್ನ ಯಾರೂ ಬರ್ದೇ ಇಲ್ಲ’ ಅಂದ್ಲು. ಅಷ್ಟೇ. ನಿಮಗೆ ಅರ್ಥ ಆಯ್ತಲ್ಲ? ಅವಳ ಹನ್ನೊಂದು ವರ್ಷದ ಪುಸ್ತಕದಲ್ಲಿ ಒಂದು ಗೆರೆ ಅಳಿಸಬೇಕಾಗಿಲ್ಲ. ಅವನು ಹೋಗಿದ್ದು ನಿಜ, ಬಂದು ಕಾಫಿ ಕುಡಿದಿದ್ದೂ ನಿಜ, ನಡುವೆ ಒಂದು ಸಂಚಿಕೆ ಖಾಲಿ ಇದೆ. ನಕ್ಷತ್ರದಿಂದ ಅವನು ಹೆಜ್ಜೆ ಹೆಜ್ಜೆಯಾಗಿ ವಾಪಸ್ ಬಂದು ಅದೇ ಕಂಬ ಹತ್ತಿ ನಿಲ್ತಾನೆ, ಮತ್ತೆ ಅದೇ ಮಿಂಚಿನ ಚಿತ್ರ ಹಂಗಂಗೇ ಹಾಕ್ತೀನಿ ಅಂದ್ಲು. ಮೊದಲ ಸಲ ಕೆಳಗೆ ಬಂತು, ಈ ಸಲ ಮೇಲೆ ಹೋಗುತ್ತೆ. ಸಾಬ್ರು ಕಣ್ಣೊರೆಸ್ಕೊಂಡು, ಬರೋ ದಾರೀಲಿ ಒಂದು ಗುದ್ದಾದ್ರೂ ಇರಲಿ ಅಂದ್ರು. ಒಂದೇ ಒಂದು, ಅದೂ ಚಿಕ್ಕದು ಅಂತ ಒಪ್ಕೊಂಡ್ಲು.

ಈಗ ನಿಮ್ಮ ಹತ್ರ ಬಂದಿದ್ದು ಯಾಕೆ ಅಂತ ಹೇಳ್ತೀನಿ. ಕಡೇ ಸಂಚಿಕೆ ಕವರಿನ ಹಿಂದೆ ಒಂದು ಪ್ರಕಟಣೆ ಇದೆ. ‘ಸಿಡಿಲಣ್ಣ ವಾಪಸ್ ಬರ್ಬೇಕಾ? ಓದುಗರೇ, ನಮಗೆ ಬರೆಯಿರಿ. ಸಾಕಷ್ಟು ಕಾಗದ ಬಂದರೆ ಮುಂದಿನ ತಿಂಗಳು ಕರೆತರುತ್ತೇವೆ.’ ಆ ಸಂಚಿಕೆ ನಿಮ್ಮ ಕೈಯಲ್ಲಿ ಈಗ ತಾನೇ ಬಿಸಿಬಿಸಿ ಇರ್ಬೇಕು. ನಿಮ್ಮಲ್ಲೂ ಎರಡು ಗುಂಪಾಗಿರುತ್ತೆ, ಬೇಕು ಅನ್ನೋರು, ಬೇಡ ಅನ್ನೋರು, ಟೀ ಅಂಗಡೀಲಿ ಲೋಟ ತಣ್ಣಗಾಗೋವರೆಗೂ ಜಗಳ ಆಡ್ತಿರ್ತೀರಿ. ಬೀರೂರಿನ ಟ್ರಂಕಲ್ಲಿ ಅದರ ಮುಂದಿನ ಕವರ್ ಸಿಗಲಿಲ್ಲ. ಇಲ್ಲವೇ ಇಲ್ವೋ, ಇನ್ನೊಂದು ಟ್ರಂಕಲ್ಲಿ ಇದ್ಯೋ, ನಮಗೆ ಗೊತ್ತಿಲ್ಲ. ಇದ್ರೆ ಅಕ್ಕನ ಸಂಚಿಕೆಗೆ ಜಾಗ ಇರಲ್ಲ, ಹನ್ನೊಂದು ವರ್ಷ ಮತ್ತೆ ಬಾಲ ಆಗ್ಬಿಡುತ್ತೆ.

ಅದಕ್ಕೆ ಕೇಳ್ಕೋತೀನಿ, ಬರೀಬೇಡಿ. ಸ್ವಾರ್ಥ ಅಂತೀರಾ, ಅನ್ನಿ, ಒಪ್ಕೋತೀನಿ. ಅವನನ್ನ ಆ ಕತ್ತಲಲ್ಲಿ ಒಬ್ಬನೇ ಬಿಟ್ಟು ಪುಸ್ತಕ ಮುಚ್ಚೋದು ಕಷ್ಟ, ನಮಗೂ ಆಗ್ಲಿಲ್ಲ. ಆದ್ರೆ ನಿಮ್ಮ ಕಂಪನಿಯೋರು ಕರೆತಂದ್ರೆ ಮತ್ತೆ ಹೊಡೆಯಕ್ಕೇ ಕರೆತರ್ತಾರೆ. ನಮ್ಮ ಕಡೆ ಅವನಿಗೆ ಬೀದಿ ಇದೆ, ಗೌರಮ್ಮ ಇದಾಳೆ, ಮೊಣಕಾಲಿಗೆ ಎಣ್ಣೆ ಇದೆ. ಯಾರಾದ್ರೂ ಮಕ್ಕಳು ಕೇಳಿದ್ರೆ, ಅವನು ಬರ್ತಾನೆ, ದಾರಿ ದೂರ, ಅದಕ್ಕೆ ತಡ ಆಗ್ತಾ ಇದೆ ಅಂತ ಹೇಳಿ. ಅದು ಸುಳ್ಳಲ್ಲ. ದಾಕ್ಷಾಯಿಣಕ್ಕ ಮಸಿ ಬಾಟ್ಲು ವಾಪಸ್ ಇಸ್ಕೊಂಡು ಬಂದಿದಾಳೆ, ಇವತ್ತು ಬೆಳಗ್ಗೆ ಆ ಖಾಲಿ ಇದ್ದ ಸಂಚಿಕೆಯ ಮೂರನೇ ಪುಟ ಹಿಡಿದ್ಲು. ಆ ಸಾಸಿವೆ ಕಾಳಷ್ಟು ಬೆಳಕು ಈ ಕಡೆ ಮುಖ ತಿರುಗಿಸಿದೆ.