ಮಗ್ಗದ ಗುಂಡಿ ಮುಚ್ಚಬೇಡಿ ಸ್ವಾಮಿ

ನಾಯನಾ,

ಮನೆಯಲ್ಲಿ ತೆಲುಗು, ಕಾಗದಕ್ಕೆ ಕನ್ನಡ ಎಂದು ನಿಯಮ ಮಾಡಿದವನು ನೀನೇ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಲ್ಲಿಂದಲೇ ತಿದ್ದಿಕೋ.

ಮೊನ್ನೆ ಚಳ್ಳಕೆರೆಯಿಂದ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ನಿನ್ನ ಮಾತು ಬಂತು. "ಎರಡು ಸಲ ಎಮ್ಮೆಲ್ಲೆ ಆದ್ನಪ್ಪ, ಏನ್ ಮಾಡಿದ? ಊರಿಗೊಂದು ಕಮಾನೂ ಕಟ್ಟಿಸ್ಲಿಲ್ಲ. ಬರೀ ಪ್ರಶ್ನೆ ಕೇಳಿದ." ಮೂರನೇ ಸಲ ನಿಂತು ನೀನು ಸೋತಾಗಲೂ ಇದೇ ಮಾತು. ಆಗ ನೀನು ನನ್ನ ಕೈ ಹಿಡಿದು ಕೂರಿಸಿದ್ದೆ. ಈಗ ಹಿಡಿಯುವವರು ಯಾರು? ತಿರುಗಿ ಕೂತೆ. "ನಾನು ಅವರ ಮಗಳು. ಕೇಳ್ರಿ, ಹೇಳ್ತೀನಿ" ಎಂದೆ. ಪಾಪ, ಮೊಳಕಾಲ್ಮುರು ಬರುವವರೆಗೆ ಅವರಿಗೆ ಬಿಡುಗಡೆ ಸಿಗಲಿಲ್ಲ.

ನೀನು ಚಳ್ಳಕೆರೆ ಮಾರುಕಟ್ಟೆ ಸಮಿತಿಯಲ್ಲಿದ್ದ ಕಾಲದಿಂದಲೇ ಶುರುಮಾಡಿದೆ. ಕಾಯಿ ನೋಡುವ ನೆಪದಲ್ಲಿ ವ್ಯಾಪಾರಿಗಳು ಪ್ರತಿ ಚೀಲದಿಂದ ಬೊಗಸೆ ಶೇಂಗಾ ತೆಗೆದು ಪಕ್ಕಕ್ಕೆ ಸುರಿದುಕೊಳ್ಳುತ್ತಿದ್ದರಲ್ಲ, ಅದನ್ನು ಚೀಲಕ್ಕೇ ವಾಪಸ್ ಹಾಕಿಸುವ ನಿಯಮ ತಂದವನು ನೀನು. ನೇಕಾರನಿಗೆ ಶೇಂಗಾದ ಉಸಾಬರಿ ಯಾಕೆ ಎಂದವರಿಗೆ, "ಎಳೆ ಆದ್ರೇನು, ಕಾಯಿ ಆದ್ರೇನು, ಕಿತ್ಕೊಂಡ್ರೆ ಕಮ್ಮಿ ಆಗ್ತೈತಲ್ಲ" ಎಂದಿದ್ದೆ. ಹಿಂದಿನ ಸೀಟಿನವರಲ್ಲಿ ಒಬ್ಬರು ಶೇಂಗಾ ಬೆಳೆಯುವವರು. "ಅದು ನಿಜ ಬಿಡವ್ವ" ಎಂದರು.

ವಿಧಾನಸಭೆಯಲ್ಲಿ ನೀನು ಗುಂಡಿಯ ಪ್ರಶ್ನೆ ಕೇಳಿದ ದಿನ ನೆನಪಿದೆಯಾ? ಮಳೆಗೆ ಮನೆ ಗೋಡೆ ಬಿದ್ದರೆ ಪರಿಹಾರ ಸಿಗುತ್ತದೆ, ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿಗೆ ನೀರು ನುಗ್ಗಿ ಮಗ್ಗ ನಿಂತರೆ ಏಕಿಲ್ಲ ಎಂದು ನಿನ್ನ ಪ್ರಶ್ನೆ. ಮಂತ್ರಿಗಳ ಕಿವಿಗೆ ಬಿದ್ದದ್ದು ಗುಂಡಿ ಎಂಬ ಪದ ಮಾತ್ರ. "ರಸ್ತೆಯ ಎಲ್ಲ ಗುಂಡಿಗಳನ್ನೂ ಶೀಘ್ರವೇ ಮುಚ್ಚಿಸಲಾಗುವುದು" ಎಂದರು. ನೀನು ಮತ್ತೆ ಎದ್ದು ನಿಂತೆ. "ಮುಚ್ಚಬೇಡಿ ಸ್ವಾಮಿ. ಆ ಗುಂಡೀಲಿ ಕಾಲಿಟ್ಟೇ ನಾವು ಅನ್ನ ತಿನ್ನೋದು." ಸಭೆಯೆಲ್ಲ ನಕ್ಕಿತು.

ಆಮೇಲೆ ಅಧಿವೇಶನ ಬಂತೆಂದರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ನಿನ್ನದೊಂದು ಇದ್ದೇ ಇರುತ್ತಿತ್ತು. ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಮೇಯುವ ಕುರಿಗಳಿಗೆ ನೀರಿನ ತೊಟ್ಟಿ ಬಂದದ್ದು ಅಂಥದ್ದೇ ಒಂದರಿಂದ. ಗುಂಡಿಯದಕ್ಕೆ ಮಾತ್ರ ಪ್ರತಿ ಸಲವೂ "ಪರಿಶೀಲನೆಯಲ್ಲಿದೆ". ಅವ್ವ ರೊಟ್ಟಿ ತಟ್ಟುತ್ತಾ ಛೇಡಿಸುತ್ತಿದ್ದಳು: "ಬರೀ ಚುಕ್ಕೆ ಇಡ್ತಾ ಹೋಗ್ರಿ. ರಂಗೋಲಿ ಯಾವಾಗ ಹಾಕ್ತೀರಿ?" ನೀನು ಮೀಸೆಯಲ್ಲೇ ನಗುತ್ತಿದ್ದೆ. ಒಳಗೊಳಗೇ ಎಷ್ಟು ನೊಂದಿದ್ದೆಯೋ...

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನೀನು ಹೋದ ಮೇಲೆ ಮಳೆ ಪರಿಹಾರದ ನಿಯಮ ಬದಲಾಯಿತು. ನಿನ್ನ ಹೆಸರು ಅದರಲ್ಲಿಲ್ಲ, ಹುಡುಕಬೇಡ. ಹೋದ ವಾರದ ಮಳೆಗೆ ನಮ್ಮ ಪಕ್ಕದ ಮನೆ ಸರೋಜಕ್ಕನ ಮಗ್ಗಕ್ಕೆ ನೀರು ನುಗ್ಗಿತು. ಕಂದಾಯ ಇಲಾಖೆಯ ಹುಡುಗಿಯೊಬ್ಬಳು ಬಂದು ಗೋಡೆ ನೋಡಿದಳು, ಮಾಡು ನೋಡಿದಳು. ನಾವು ಇನ್ನೇನು ಹೊರಟಳು ಅಂದುಕೊಂಡೆವು. ಅವಳು ಚಪ್ಪಲಿ ಬಿಟ್ಟು, "ಮಗ್ಗದ ಗುಂಡಿ ಎಲ್ಲೈತ್ರಿ? ಅದನ್ನೂ ಬರ್ಕೋಬೇಕು" ಎಂದಳು. ನಾಯನಾ, ಅವಳು ಕೆಸರಿನ ಗುಂಡಿಗೆ ಇಳಿದೇ ಅಳತೆ ಹಿಡಿದಳು.

ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮಪ್ಪಂಗೆ ಒಂದು ಕಾಗದ ಬರಿ" ಎಂದಳು. "ರಂಗೋಲಿ ಆತು ಅಂತ."

ನಿನ್ನ ಮಗಳು