ನೆಲದಿಂದ ಮಣಿಕಟ್ಟಿಗೆ

ಮೆಟ್ಟಿಲ ಕೆಳಗಿನ ರೂಮಿನಿಂದ
ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಊತ ಇಳಿಯಿತಾ? ಆಪರೇಶನ್ ದಿನ ಗೊತ್ತಾದ ಮೇಲೆ ನಿನಗೆ ನಿದ್ದೆಯೇ ಇಲ್ಲವಂತೆ, ಭಾವ ಹೇಳಿದರು. ಹೆದರಬೇಡ. ಈಗೆಲ್ಲ ಮಂಡಿ ಬದಲಾಯಿಸುವುದು ಚಪ್ಪಲಿ ಬದಲಾಯಿಸಿದ ಹಾಗೆ ಅಂತ ನಮ್ಮ ಡಾಕ್ಟರು ಹೇಳುತ್ತಾರೆ. ಅವರ ಮಂಡಿ ಚೆನ್ನಾಗಿದೆ, ಹೇಳುತ್ತಾರೆ. ನಾನು ಹೀಗೇ ಇದ್ದೇನೆ. ಅತ್ತಿಗೆ ಹೊತ್ತುಹೊತ್ತಿಗೆ ಊಟ ಮಾಡುತ್ತಾರೆ, ಮಾತು ಮಾತ್ರ ಕಮ್ಮಿ.

ಅಣ್ಣ ನಿನಗೆ ಅಂತ ಮಾಡಿಟ್ಟ ವಾಕರ್ ಯಾವಾಗ ಕಳಿಸ್ತೀಯೋ ಅಂತ ನೀನು ಫೋನಿನಲ್ಲಿ ಎರಡು ಸಲ ಕೇಳಿದೆ. ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ನೋಡೋಣ, ನೋಡೋಣ" ಅಂದೆ. ಆ ವಿಷಯಕ್ಕೆ ಬರುತ್ತೇನೆ. ಟು ಬಿ ಫ್ರ್ಯಾಂಕ್, ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವುದಿಲ್ಲ.

ಅಣ್ಣನ ಸಂತಾಪ ಸಭೆಗೆ ಬರಲಾಗಲಿಲ್ಲ, ಹೇಗಾಯಿತು ಬರಿ ಅಂದಿದ್ದೆಯಲ್ಲ. ಬಿ.ಎ. ಓದಿದ ತಮ್ಮ ಅಂತ ಮೊದಲು ನನಗೇ ಮೈಕ್ ಕೊಟ್ಟರು. "ಎ ಮ್ಯಾನ್ ಈಸ್ ನೋನ್ ಬೈ ದ" ಅಂತ ಜೋರಾಗಿ ಶುರು ಮಾಡಿದೆ. ಮುಂದಿನದು ಬರಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿತು ಅಂದುಕೊಂಡು ಜನ ತಲೆ ತಗ್ಗಿಸಿದರು, ನಾನೂ ತಗ್ಗಿಸಿದೆ. ಆಮೇಲೆ ಇಸ್ತ್ರಿ ಅಂಗಡಿಯವನು ಎದ್ದ. ಅವನ ತಾಯಿ ಬಿದ್ದು ಸೊಂಟ ಮುರಿದಾಗ ಅಣ್ಣ ಗಾಲಿಕುರ್ಚಿ ಕೊಟ್ಟನಂತೆ, ಅದು ಅವರ ಬಾಗಿಲಲ್ಲಿ ತೂರಲಿಲ್ಲವಂತೆ. ಅಣ್ಣ ವಾಪಸು ತಂದು, ಕುರ್ಚಿಯನ್ನೇ ನಡುವೆ ಕೊಯ್ದು, ಕಿರಿದು ಮಾಡಿ ಬೆಸೆದು ಕೊಟ್ಟನಂತೆ. ಇಷ್ಟು ಹೇಳಿ ಕೂತ. ನನಗಿಂತ ಅವನೇ ಚೆನ್ನಾಗಿ ಮಾತಾಡಿದ.

ನಿನಗೆ ಗೊತ್ತಲ್ಲ ಅವನ ಪರಿ. ಹಗಲೆಲ್ಲ ವೆಲ್ಡಿಂಗ್ ಅಂಗಡಿ, ಸಂಜೆ ಈ ರೂಮು. ಮುರಿದ ಮಂಚದ ಪೈಪಿನಿಂದ ವಾಕರ್, ಊರುಗೋಲು, ಎದ್ದು ಪಾಯಿಖಾನೆಗೆ ಹೋಗಲಾಗದವರಿಗೆ ತೂತು ಕುರ್ಚಿ. ಯಾರ ಮನೆಯಲ್ಲಿ ಯಾರು ಜಾರಿ ಬಿದ್ದರೂ ನಮ್ಮ ಮನೆ ಬೆಲ್. ಅಳತೆಗೆ ಟೇಪಲ್ಲ, ದಾರ. ನಿಂತು ಕೈ ಇಳಿಬಿಟ್ಟರೆ ನೆಲದಿಂದ ಮಣಿಕಟ್ಟಿಗೆ ಎಷ್ಟೋ ಅಷ್ಟು. "ಒಂದು ಬೆರಳು ಹೆಚ್ಚಾದ್ರೆ ಹೆಗಲು ಬೈಯುತ್ತೆ, ಕಮ್ಮಿಯಾದ್ರೆ ಬೆನ್ನು ಬೈಯುತ್ತೆ" ಅನ್ನುತ್ತಿದ್ದ. ಒಂದು ಕಾಸು ಮುಟ್ಟಲಿಲ್ಲ. ಯಾರಿಗೆ ಕೊಟ್ಟೆ ಅಂತ ಬರೆದಿಡೋ ಮಾರಾಯ ಅಂದರೆ, "ಗುಣ ಆದವರು ನಡ್ಕೊಂಡು ಬಂದು ಕೊಡ್ತಾರೆ. ಆಗದೇ ಹೋದವರ ಮನೇಲಿ ಹೋಗಿ ಕೇಳೋಕೆ ನಂಗೆ ಬಾಯಿ ಬರುತ್ತೇನೋ?" ಅನ್ನುತ್ತಿದ್ದ. "ಊರವರ ಕಾಲೆಲ್ಲ ನೆಟ್ಟಗಾಯ್ತು, ನಮ್ಮ ಮಂಚದ ಕಾಲು ಮಾತ್ರ ಅಲ್ಲಾಡ್ತಿದೆ" ಅಂತ ಅತ್ತಿಗೆ ಚುಚ್ಚಿದರೆ, ಅದೇ ಸಂಜೆ ಮಂಚ ಸರಿ ಮಾಡಿ, "ಯಜಮಾನ್ತಿ, ಒಮ್ಮೆ ಕೂತು ಪರೀಕ್ಷೆ ಮಾಡಿ" ಅಂತ ಕೈ ಕಟ್ಟಿ ನಿಲ್ಲುತ್ತಿದ್ದ. ಅವರು ಎಷ್ಟು ಬಿಗಿ ಹಿಡಿದರೂ ನಕ್ಕುಬಿಡುತ್ತಿದ್ದರು. ಆ ನಗು ಈಗ ಮನೆಯಲ್ಲಿಲ್ಲ.

ಈಗ ಹೇಳಿಯೇಬಿಡುತ್ತೇನೆ. ಅಣ್ಣ ಹೋದ ಮೇಲೆ ಅತ್ತಿಗೆಯನ್ನು ಅವರ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಈ ರೂಮಿನ ಮುಂದೆ ಹಾದಾಗಲೆಲ್ಲ ಅತ್ತಿಗೆ ಅಳುತ್ತಿದ್ದರು, ಅದು ನಿಜ. ನನಗೆ ಈ ರೂಮು ಎಂದೂ ಹಿಡಿಸಿರಲಿಲ್ಲ, ಅದೂ ನಿಜ. ಬಂದವರ ಕಣ್ಣಿಗೆ ಮೊದಲು ತೂತು ಕುರ್ಚಿ ಬೀಳುವುದು ನನಗೆ ಮುಜುಗರ. ಗುಜರಿಯವನನ್ನು ಕರೆದೆ. ಒಂದೇ ಗಾಡಿಗೆ ಎಲ್ಲ ಹಿಡಿಸಿತು. ಬಂದ ದುಡ್ಡಿನಲ್ಲಿ ಗೋಡೆಗೆ ಬಣ್ಣ ಹೊಡೆಸಿ, ಅಣ್ಣನ ಫೋಟೋ ದೊಡ್ಡದು ಮಾಡಿಸಿ, ಕೆಳಗೆ "ಹಿ ಲಿವ್ಡ್ ಫಾರ್ ಅದರ್ಸ್" ಅಂತ ಬರೆಸಿ ನಟ್ಟನಡುವೆ ತೂಗುಹಾಕಿದೆ. ಏನೋ ದೊಡ್ಡ ಕೆಲಸ ಮಾಡಿದೆ ಅಂತ ಎದೆ ಉಬ್ಬಿತ್ತು ಅಕ್ಕಾ. ಅತ್ತಿಗೆ ವಾಪಸು ಬಂದವರು ಹೊಸ್ತಿಲಲ್ಲೇ ನಿಂತು ನೋಡಿದರು. "ಫೋಟೋ ಚೆನ್ನಾಗಿದೆ. ಇದಕ್ಕೆ ಇಡೀ ರೂಮು ಬೇಕಿತ್ತಾ?" ಅಂದು ಒಳಗೆ ಹೋದರು. ಗುಜರಿ ಅಂಗಡಿಗೆ ಓಡಿದೆ. ಎಲ್ಲ ತುಂಡಾಗಿ, ಕರಗಿಸುವ ಕಡೆಗೆ ಹೋಗಿಯಾಗಿತ್ತು. "ಬೇಗ ತಗೊಂಡು ಹೋಗಪ್ಪ ಅಂದಿದ್ದು ನೀವೇ ಅಲ್ವಾ ಸಾರ್" ಅಂದ. ನಾನೇ.

ನನ್ನ ಬುದ್ಧಿಗೆ ಹೊಳೆಯದೇ ಹೋಗಿದ್ದು ಒಂದಿತ್ತು. ನಾನು ಮಾರಿದ್ದು ಮನೆಯಲ್ಲಿದ್ದುದನ್ನು ಮಾತ್ರ. ಹೆಚ್ಚಿನದೆಲ್ಲ ಬೀದಿ ಬೀದಿಯಲ್ಲಿ ಓಡಾಡುತ್ತಿತ್ತು. ಅದೀಗ ಒಂದೊಂದೇ ಮನೆಗೆ ಬರುತ್ತಿದೆ. ಮೊದಲು ರಿಟೈರ್ಡ್ ಅಂಚೆಯವರು, ಊರುಗೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಟ್ಟಗೆ ನಡೆದು ಬಂದರು. ಹೊಸ ಬಣ್ಣ ನೋಡಿ, ಅಣ್ಣನ ಕೆಲಸಕ್ಕೇ ನಾನು ರೂಮು ಸಿದ್ಧ ಮಾಡಿದ್ದೇನೆ ಅಂದುಕೊಂಡರು. "ನೀವು ಮುಂದುವರಿಸ್ತಿದ್ದೀರಲ್ಲ, ದೊಡ್ಡ ಮನಸ್ಸು" ಅಂತ ಎರಡೂ ಕೈ ಹಿಡಿದುಕೊಂಡರು. "ಮೆನ್ಶನ್ ನಾಟ್" ಅಂದೆ. ಬರುವವರೆಲ್ಲ ಹಾಗೇ ಹೊಗಳುತ್ತಾರೆ. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ, ನಿಜ ಹೇಳಲು ನಾಲಿಗೆ ಏಳುವುದಿಲ್ಲ.

ಮೊನ್ನೆ ಶಾಲೆಯ ಟೀಚರಮ್ಮ ಒಂದು ಕುರ್ಚಿ ತಂದರು. ನನ್ನವಳದ್ದು. ಅವಳು ಹಾಸಿಗೆ ಹಿಡಿದಾಗ, ಕಿಟಕಿಯಾಚೆ ಕಾಣಲಿ ಅಂತ ಅಣ್ಣ ಎತ್ತರಿಸಿ ಮಾಡಿಕೊಟ್ಟನಲ್ಲ, ಅದೇ. ಅವಳು ತೀರಿಕೊಂಡ ಒಂದೇ ತಿಂಗಳೊಳಗೆ ಅವನು ಅದನ್ನು ಬೇರೆಯವರಿಗೆ ಕೊಟ್ಟಾಗ ಒಂದು ವಾರ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. "ಖಾಲಿ ಕುರ್ಚಿ ನೋಡ್ತಾ ಕೂತ್ಕೋಬೇಡ ಕಣೋ" ಅಂದಿದ್ದ, ಅಷ್ಟೇ. ಕುರ್ಚಿಯ ಎಡಗೈಗೆ ಅವಳು ಸುತ್ತಿದ್ದ ನೀಲಿ ಬಟ್ಟೆ ಹಾಗೇ ಇದೆ. ಬಲಗೈಗೆ ಇನ್ಯಾರೋ ಹಳದಿ ಬಟ್ಟೆ ಸುತ್ತಿದ್ದಾರೆ. ಅದು ಅವತ್ತು ಮನೆಯಲ್ಲಿದ್ದಿದ್ದರೆ ಅದನ್ನೂ ಗಾಡಿಗೆ ಹಾಕುತ್ತಿದ್ದೆ. ಪರರ ಮನೆಯಲ್ಲಿತ್ತು, ಉಳಿಯಿತು. ಅದರಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆ ಕೊಟ್ಟುಬಿಡಬೇಕು, ತರಕಾರಿ ಅಂಗಡಿಯವಳು ಗಂಡನಿಗೆ ಬೇಕು ಅಂದಿದ್ದಾಳೆ.

ಭಾವನಿಗೂ ನಿನಗೂ ನನ್ನ ನಮಸ್ಕಾರ. ಮೊಮ್ಮಕ್ಕಳ ಕೆನ್ನೆ ಹಿಂಡು. ಮಾತ್ರೆ ತಪ್ಪಿಸಬೇಡ.

ನಿನ್ನ ಬುದ್ಧಿಗೇಡಿ ತಮ್ಮ

ತಾ.ಕ.: ಬರೆಯಲು ಮರೆತೆ ಅನ್ನೋಣ ಅಂದುಕೊಂಡಿದ್ದೆ. ಮರೆತಿಲ್ಲ. ನಿನ್ನ ವಾಕರೂ ಅದೇ ಗಾಡಿಯಲ್ಲಿ ಹೋಯಿತು. ಹಿಡಿಯ ಮೇಲೆ ಅಣ್ಣ ಸೀಮೆಸುಣ್ಣದಲ್ಲಿ "ಕುಳ್ಳಿ" ಅಂತ ಬರೆದಿದ್ದ. ಓದಿದೆ. ಅಂಗಡಿಯಲ್ಲಿ ಹೊಸದೇ ಸಿಗುತ್ತದಲ್ಲ ಅಂದುಕೊಂಡು, ಓದಿಯೂ ಕೊಟ್ಟೆ. ನಿನಗೆ ಇನ್ನೊಂದು ಮಾಡಲು ಅಣ್ಣನ ಅಂಗಡಿಯ ಜೊತೆಗಾರರು ಪೈಪು ಕೊಟ್ಟಿದ್ದಾರೆ. ಬೆಸೆಯುವುದು ಅವರು, ಕೊಯ್ಯುವುದು ನಾನೇ ಅಂತ ಹಟ ಹಿಡಿದಿದ್ದೇನೆ. ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಲ್ಲು, ಕೈ ಇಳಿಬಿಡು, ನೆಲದಿಂದ ಮಣಿಕಟ್ಟಿಗೆ ಭಾವ ದಾರ ಹಿಡಿದು ಅಲ್ಲಿಗೊಂದು ಗಂಟು ಹಾಕಲಿ. ಇಂಚು ಗಿಂಚು ಬರೆದು ಕಳಿಸಬೇಡ, ದಾರವನ್ನೇ ಕವರಿನಲ್ಲಿಟ್ಟು ಕಳಿಸು. ಬೈಗುಳ ಎಷ್ಟಿದ್ದರೂ ಆಮೇಲೆ ಕಳಿಸು. ದಾರ ಮೊದಲು.